ಗುಳಿಗೆ ನುಂಗಿದ ಮೇಲೆ ಹೇಳಬೇಕಾದ ಮಾತು

(ಬುಕ್ಕಸಾಗರದಲ್ಲಿ ನೀಡಿದ ದತ್ತಿ ಉಪನ್ಯಾಸದ ಲಿಖಿತ ರೂಪ)



ಔಷಧಗಳನ್ನು ಜೋಪಾನವಾಗಿ ಬಳಸುವುದು ಹೇಗೆ, ಅವುಗಳ ಅಡ್ಡಪರಿಣಾಮಗಳನ್ನು ಗುರುತಿಸುವುದು ಹೇಗೆ ಎಂಬ ವಿಷಯದ ಮೇಲೆ ಮಾತಾಡಬೇಕೆಂದು ದತ್ತಿ ಸಮಿತಿಯವರು ಕೇಳಿದಾಗ ಮೊದಲು ನೆನಪಾದದ್ದು ಬಳ್ಳಾರಿ. 2024ರ ನವೆಂಬರ್ ಎರಡನೇ ವಾರದಲ್ಲಿ ಅಲ್ಲಿನ ಜಿಲ್ಲಾಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರಲ್ಲಿ ಹಲವರಿಗೆ ಒಬ್ಬರ ಹಿಂದೊಬ್ಬರಂತೆ ಕಿಡ್ನಿ ಕೈಕೊಟ್ಟಿತು, ಬೇರೆ ಅಂಗಗಳೂ ಸೋತವು. ಐವರು ತಾಯಂದಿರು ತೀರಿಕೊಂಡರು. ಅನುಮಾನ ಹೋದದ್ದು ಅವರ ರಕ್ತನಾಳಕ್ಕೆ ಹರಿಸಿದ ರಿಂಗರ್ ಲ್ಯಾಕ್ಟೇಟ್ ಎಂಬ ದ್ರಾವಣದ ಮೇಲೆ. ಉಪ್ಪು, ಪೊಟ್ಯಾಸಿಯಂ, ಕ್ಯಾಲ್ಸಿಯಂ, ಲ್ಯಾಕ್ಟೇಟ್ ಬೆರೆತ ನೀರು ಅದು. ನಮ್ಮ ಕಡೆ ಅದನ್ನೂ ಗ್ಲೂಕೋಸ್ ಬಾಟ್ಲಿ ಎಂದೇ ಕರೆಯುತ್ತಾರೆ. ಪಶ್ಚಿಮ ಬಂಗಾಳದ ಒಂದು ಕಂಪನಿ ತಯಾರಿಸಿದ್ದು. ಆ ಕಂಪನಿಯ ದ್ರಾವಣದ ಕೆಲವು ಬ್ಯಾಚ್‌ಗಳು ಗುಣಮಟ್ಟಕ್ಕೆ ನಿಲ್ಲುವುದಿಲ್ಲವೆಂದು ರಾಜ್ಯದ ಪ್ರಯೋಗಾಲಯ ಮೊದಲೇ ಹೇಳಿತ್ತು. ಅವುಗಳಲ್ಲಿ ಕೆಲವನ್ನು ಕೇಂದ್ರದ ಪ್ರಯೋಗಾಲಯ ಸರಿಯಾಗಿವೆ ಎಂದಿತು. ಬಳಕೆ ಮತ್ತೆ ಶುರುವಾಯಿತು. ಸಾವುಗಳಾದ ಮೇಲೆ ರಾಜ್ಯದ ಔಷಧ ನಿಯಂತ್ರಕರು ಅಮಾನತಾದರು, ಆ ದ್ರಾವಣವನ್ನು ರಾಜ್ಯದ ಆಸ್ಪತ್ರೆಗಳಲ್ಲಿ ತಡೆಹಿಡಿಯಲಾಯಿತು. ಎರಡು ತಿಂಗಳು ಕಳೆಯುವಷ್ಟರಲ್ಲಿ, 2025ರ ಜನವರಿಯಲ್ಲಿ, ಬಂಗಾಳದ ಮೇದಿನೀಪುರ ವೈದ್ಯಕೀಯ ಕಾಲೇಜಿನಲ್ಲಿ ಬಾಣಂತಿಯೊಬ್ಬರು ಸತ್ತಾಗ ಅದೇ ಕಂಪನಿಯ ಬಾಟ್ಲಿಯ ಮೇಲೆ ಅನುಮಾನ ಬಿತ್ತು. ಬಳ್ಳಾರಿಯಲ್ಲಿ ಆದದ್ದರ ಸುದ್ದಿ ಮೇದಿನೀಪುರದ ವಾರ್ಡಿನವರೆಗೆ ಹೊತ್ತಿಗೆ ಸರಿಯಾಗಿ ಮುಟ್ಟಲಿಲ್ಲ.

ಇಲ್ಲೊಂದು ವ್ಯತ್ಯಾಸ ತಿಳಿದಿರಬೇಕು. ಕೆಟ್ಟ ಔಷಧದಿಂದ ಆಗುವ ಅನಾಹುತ ಬೇರೆ, ಒಳ್ಳೆಯ ಔಷಧದಿಂದಲೇ ಆಗುವ ಅಡ್ಡಪರಿಣಾಮ ಬೇರೆ. ಮೊದಲನೆಯದು ಅಪರಾಧ, ಅದಕ್ಕೆ ಕಂಪನಿಯೂ ಸರ್ಕಾರವೂ ಉತ್ತರ ಕೊಡಬೇಕು. ಎರಡನೆಯದು ಔಷಧದ ಗುಣದಲ್ಲೇ ಇದೆ. ಯಾವ ಗುಳಿಗೆಯೂ ನೋವಿರುವ ಮೊಣಕಾಲನ್ನು ಹುಡುಕಿಕೊಂಡು ಹೋಗುವುದಿಲ್ಲ, ರಕ್ತ ಹರಿಯುವಲ್ಲೆಲ್ಲ ಹೋಗುತ್ತದೆ. ಆದರೆ ಈ ಎರಡೂ ಬೆಳಕಿಗೆ ಬರುವುದು ಒಂದೇ ದಾರಿಯಲ್ಲಿ: ಔಷಧ ತೆಗೆದುಕೊಂಡವರೋ ಪಕ್ಕದಲ್ಲಿ ಕೂತವರೋ ‘ಇದಾದ ಮೇಲೆ ಹೀಗಾಯಿತು’ ಎಂದು ಹೇಳಬೇಕು, ಕೇಳಿಸಿಕೊಂಡವರು ಬರೆದಿಟ್ಟು ಮುಂದಿನವರಿಗೆ ತಿಳಿಸಬೇಕು. ಇವತ್ತು ನಾನು ಹೇಳಬೇಕೆಂದು ಬಂದಿರುವುದು ಈ ಒಂದೇ ಮಾತು.

ಇದಕ್ಕೊಂದು ಹಳೆಯ ಉದಾಹರಣೆ ಕೊಡುತ್ತೇನೆ. ಪಶ್ಚಿಮ ಜರ್ಮನಿಯಲ್ಲಿ 1957ರಲ್ಲಿ ಥ್ಯಾಲಿಡೊಮೈಡ್ ಎಂಬ ನಿದ್ದೆ ಗುಳಿಗೆ ಮಾರಾಟಕ್ಕೆ ಬಂತು. ಬಸುರಿಯರ ವಾಕರಿಕೆಗೂ ಕೊಟ್ಟರು. ಹಲವು ದೇಶಗಳಲ್ಲಿ ಸೇರಿ ಹತ್ತು ಸಾವಿರಕ್ಕೂ ಹೆಚ್ಚು ಮಕ್ಕಳು ಕೈಕಾಲು ಸರಿಯಾಗಿ ಬೆಳೆಯದೆ ಹುಟ್ಟಿದವು. ಪಶ್ಚಿಮ ಜರ್ಮನಿಯಲ್ಲಿ ಅದರ ಮಾರಾಟ ನಿಂತದ್ದು 1961ರಲ್ಲಿ. ಅಲ್ಲಿನ ಲೆನ್ಜ್ ಎಂಬ ಮಕ್ಕಳ ವೈದ್ಯರು ತಾಯಂದಿರನ್ನು ‘ಬಸುರಿಯಾಗಿದ್ದಾಗ ಏನೇನು ತೆಗೆದುಕೊಂಡಿರಿ’ ಎಂದು ಒಬ್ಬೊಬ್ಬರನ್ನಾಗಿ ಕೇಳುತ್ತ ಹೋದರು. ಆಸ್ಟ್ರೇಲಿಯಾದ ಮೆಕ್‌ಬ್ರೈಡ್ ವೈದ್ಯಪತ್ರಿಕೆಯೊಂದಕ್ಕೆ ಕೆಲವೇ ಸಾಲಿನ ಕಾಗದ ಬರೆದರು. ಲೋಕದ ಔಷಧ ಕಾನೂನುಗಳು ಬಿಗಿಯಾದದ್ದು ಆ ನಂತರ.

ಅಷ್ಟು ದೂರದ ಉದಾಹರಣೆ ಸಾಕು. ಕಂಪ್ಲಿಯಲ್ಲಿ ನಮ್ಮ ದೊಡ್ಡಮ್ಮ ಒಬ್ಬರಿದ್ದಾರೆ. ವರ್ಷಗಳಿಂದ ಬಿಪಿ ಇದೆ. ಒಮ್ಮೆ ಹೋದಾಗ ಎರಡೂ ಪಾದ ಬಾತು ಕಾಲುಂಗುರ ಚರ್ಮದೊಳಗೆ ಹೂತುಹೋಗಿದ್ದವು. ಬಾವಿಗೆಂದು ಯಾರೋ ಮೂತ್ರ ಹೆಚ್ಚಿಸುವ ನೀರಿನ ಗುಳಿಗೆ ಬರೆದುಕೊಟ್ಟಿದ್ದರು, ಅದರಿಂದ ರಾತ್ರಿಯಿಡೀ ಏಳುವುದು, ಮೀನಖಂಡ ಹಿಡಿದುಕೊಳ್ಳುವುದು, ಸುಸ್ತು. ಸುಸ್ತಿಗೆ ಶಕ್ತಿಯ ಟಾನಿಕ್ಕು.

“ದೊಡ್ಡಮ್ಮ, ಕಾಲು ಬಾಯಾಕ ಶುರುವಾಗಿದ್ದು ಯಾವಾಗ?” ಎಂದು ಕೇಳಿದೆ.

“ಆ ಹೊಸ ಬಿಪಿ ಗುಳಿಗಿ ಕೊಟ್ರಲ್ಲಪ್ಪ, ಅದರ ಮ್ಯಾಲೆ.”

“ಡಾಕ್ಟ್ರಿಗೆ ಹೇಳಿದ್ಯಾ?”

“ಅವರೇನು ಕೇಳಲಿಲ್ಲ, ನಾನೇನು ಹೇಳಲಿಲ್ಲ.”

ಆ ಗುಳಿಗೆ ಅಮ್ಲೋಡಿಪಿನ್. ಒಳ್ಳೆಯ ಔಷಧ, ಅಗ್ಗದ್ದು, ಲಕ್ಷಾಂತರ ಜನರನ್ನು ಲಕ್ವದಿಂದ ಕಾಪಾಡುತ್ತಿದೆ. ಅದು ಸಣ್ಣ ರಕ್ತನಾಳಗಳನ್ನು ಸಡಿಲಿಸಿ ಒತ್ತಡ ಇಳಿಸುತ್ತದೆ. ರಕ್ತ ತರುವ ನಾಳಗಳು ಸಡಿಲವಾದಷ್ಟು ವಾಪಸ್ ಒಯ್ಯುವ ನಾಳಗಳು ಸಡಿಲವಾಗದ ಕಾರಣ ಹಿಮ್ಮಡಿಯ ಸುತ್ತ ನೀರು ಒಸರಿ ನಿಲ್ಲುತ್ತದೆ. ಪ್ರಮಾಣ ಹೆಚ್ಚಿದಂತೆ ಬಾವೂ ಹೆಚ್ಚು. ದೇಹದಲ್ಲಿ ನೀರು ಜಾಸ್ತಿಯಾಗಿ ಬಂದ ಬಾವಲ್ಲವಾದ್ದರಿಂದ ನೀರಿನ ಗುಳಿಗೆಯಿಂದ ಅದು ಸರಿಯಾಗಿ ಇಳಿಯುವುದಿಲ್ಲ. ಪೊಟ್ಯಾಸಿಯಂ ಮಾತ್ರ ಸೋರಿಹೋಗಿ ಕಾಲು ಸೆಳೆಯುತ್ತದೆ. ವೈದ್ಯರು ಪ್ರಮಾಣ ತಗ್ಗಿಸಿ, ಜೊತೆಗೆ ಬೇರೆ ಜಾತಿಯ ಬಿಪಿ ಔಷಧ ಸೇರಿಸಿದರು. ಒಂದು ತಿಂಗಳೊಳಗೆ ಬಾವು ಇಳಿಯಿತು, ನೀರಿನ ಗುಳಿಗೆಯೂ ಟಾನಿಕ್ಕೂ ನಿಂತವು. ‘ಹೊಸ ಗುಳಿಗೆ ಬಂದ ಮೇಲೆ’ ಎಂಬ ಒಂದು ಮಾತು ದೊಡ್ಡಮ್ಮನ ಬಾಯಲ್ಲೇ ಇತ್ತು, ಯಾರೂ ಕೇಳಿರಲಿಲ್ಲ.

ಎನಾಲಪ್ರಿಲ್, ರಾಮಿಪ್ರಿಲ್ ಎಂಬ ಬಿಪಿ ಔಷಧಗಳದ್ದೂ ಇದೇ ಕತೆ. ಕೆಲವರಿಗೆ ಅವು ಒಣಕೆಮ್ಮು ತರುತ್ತವೆ. ಕೆಮ್ಮಿಗೆ ಸಿರಪ್ಪು, ಸಿರಪ್ಪಿನಿಂದ ತೂಕಡಿಕೆ, ಮತ್ತೊಂದು ಪರೀಕ್ಷೆ, ಎಕ್ಸ್‌ರೇ. ನಮ್ಮ ಕಡೆ ಗಣಿಯ ಕೆಂಪು ಧೂಳಿದೆ. ಸಂಡೂರಿನವರು ಕೆಮ್ಮಿದರೆ ಎಲ್ಲರೂ ಧೂಳನ್ನೇ ದೂರುತ್ತಾರೆ. ಧೂಳಿನ ಕೆಮ್ಮು ನಿಜವೇ. ಆದರೆ ಗುಳಿಗೆ ಶುರುವಾದ ಮೇಲೆ ಬಂದ ಕೆಮ್ಮಾದರೆ ವೈದ್ಯರು ಲೋಸಾರ್ಟನ್ ಅಥವಾ ಟೆಲ್ಮಿಸಾರ್ಟನ್‌ಗೆ ಬದಲಾಯಿಸಿದರೆ ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ಹೋಗುತ್ತದೆ. ಹೊಸದಾಗಿ ಯಾವ ತೊಂದರೆ ಬಂದರೂ ಅದನ್ನು ಹೊಸ ಕಾಯಿಲೆ ಎಂದುಕೊಳ್ಳುವ ಮೊದಲು ಹಿಂದಿನ ಒಂದೆರಡು ತಿಂಗಳಲ್ಲಿ ಯಾವ ಔಷಧ ಶುರುವಾಯಿತು, ಯಾವುದರ ಪ್ರಮಾಣ ಹೆಚ್ಚಿತು ಎಂದು ಕೇಳಿಕೊಳ್ಳಿ.

ಬುಕ್ಕಸಾಗರದಲ್ಲಿ ಈ ಮಾತಿಗೆ ವಿಶೇಷ ತೂಕವಿದೆ.  ನಿಮ್ಮೂರಿಗೂ ಹೊಳೆಯಾಚೆಯ ಕಡೆಬಾಗಿಲಿಗೂ ಸೇತುವೆ ಬಂತು. ಗಂಗಾವತಿ ಹತ್ತಿರವಾಯಿತು. ಈಗ ಒಂದೇ ಮನೆಯ ಯಜಮಾನರು ಶುಗರಿಗೆ ಗಂಗಾವತಿಗೆ, ಸೊಂಟನೋವಿಗೆ ಕಂಪ್ಲಿಗೆ, ಎದೆಯುರಿ ಹೆಚ್ಚಾದರೆ ಹೊಸಪೇಟೆಗೆ, ದೊಡ್ಡದಾದರೆ ಬಳ್ಳಾರಿಗೆ ಹೋಗುತ್ತಾರೆ. ನಾಲ್ಕು ಊರು, ನಾಲ್ಕು ಚೀಟಿ, ಒಂದನ್ನು ಬರೆದವರಿಗೆ ಇನ್ನೊಂದರ ಸುದ್ದಿಯಿಲ್ಲ. ಒಬ್ಬರು ಬಿಪಿಗೆ ಟೆಲ್ಮಿಸಾರ್ಟನ್ ಕೊಟ್ಟಿರುತ್ತಾರೆ, ಅದೇ ಗುಳಿಗೆಯಲ್ಲಿ ನೀರಿನ ಔಷಧವೂ ಬೆರೆತಿರುತ್ತದೆ, ಇನ್ನೊಬ್ಬರು ಸೊಂಟಕ್ಕೆ ಅಸಿಕ್ಲೊಫಿನಾಕ್ ಬರೆಯುತ್ತಾರೆ. ಒಂದೊಂದೂ ತನ್ನಷ್ಟಕ್ಕೆ ಸರಿ. ಮೂರೂ ಸೇರಿ, ಮೇ ತಿಂಗಳ ನಲವತ್ತು ಡಿಗ್ರಿ ಬಿಸಿಲಲ್ಲಿ ಬಾಳೆತೋಟದ ಕೆಲಸ, ಜೊತೆಗೆ ಎರಡು ದಿನ ಭೇದಿ ಬಂದರೆ ಕಿಡ್ನಿಗೆ ರಕ್ತ ಸಾಲದೆ ಅದು ನಿಂತುಹೋಗಬಹುದು. ಮೂತ್ರ ಕಡಿಮೆಯಾಗುವುದೇ ಮೊದಲ ಸೂಚನೆ. ಬಿಪಿ, ಶುಗರ್ ಇರುವವರು ನೋವಿನ ಗುಳಿಗೆಯನ್ನು ಅಂಗಡಿಯಿಂದ ತಾವೇ ಕೊಂಡು ನುಂಗಬಾರದು ಎಂದು ಇದಕ್ಕೇ ಹೇಳುವುದು. ಕಬ್ಬು ಕಡಿದು, ಗೊನೆ ಹೊತ್ತು ಮೈ ನೋಯುವವರಿಗೆ ಇದು ಕಷ್ಟದ ಮಾತು ಎಂದು ನನಗೆ ಗೊತ್ತು. ನೋವು ಸುಳ್ಳಲ್ಲ. ಆದರೂ ದಿನಾ ಎರಡು ಹೊತ್ತು ತಿಂಗಳುಗಟ್ಟಲೆ ನುಂಗುವ ನೋವಿನ ಗುಳಿಗೆ ಹೊಟ್ಟೆಯಲ್ಲಿ ಹುಣ್ಣು ಮಾಡಿ ರಕ್ತ ಸುರಿಸುತ್ತದೆ. ಅಂಥವರಿಗೆ ಡಾಂಬರಿನಂತೆ ಕಪ್ಪಗೆ, ಅಂಟಂಟಾಗಿ ಮಲ ಹೋದರೆ ಆ ದಿನವೇ ಆಸ್ಪತ್ರೆ ಸೇರಬೇಕು.

ಚೀಟಿಗಳ ಜೊತೆ ಹೆಸರುಗಳ ಗೊಂದಲವೂ ಇದೆ. ಒಂದೇ ಪ್ಯಾರಾಸಿಟಮಾಲ್ ಡೋಲೋ, ಕ್ಯಾಲ್ಪಾಲ್, ಕ್ರೋಸಿನ್ ಎಂಬ ಹೆಸರುಗಳಲ್ಲಿ ಬರುತ್ತದೆ; ನೆಗಡಿಯ ಗುಳಿಗೆಯೊಳಗೂ ಇರುತ್ತದೆ, ಸೊಂಟನೋವಿನ ಗುಳಿಗೆಯೊಳಗೂ ಇರುತ್ತದೆ. ಜ್ವರ, ನೆಗಡಿ, ಮೈಕೈ ನೋವು ಮೂರಕ್ಕೂ ಬೇರೆ ಬೇರೆ ಗುಳಿಗೆ ನುಂಗಿದವರು ಒಂದೇ ಔಷಧವನ್ನು ಮೂರು ಪಟ್ಟು ನುಂಗಿರುತ್ತಾರೆ. ದೊಡ್ಡವರಿಗೆ ದಿನಕ್ಕೆ ನಾಲ್ಕು ಗ್ರಾಂ ಮೀರಬಾರದು, ಅಂದರೆ 650ರ ಗುಳಿಗೆ ಆರಕ್ಕಿಂತ ಹೆಚ್ಚು ಬೇಡ. ಮೈ ತೂಕ ಕಡಿಮೆ ಇರುವವರಿಗೆ, ವಯಸ್ಸಾದವರಿಗೆ, ಕುಡಿತ ಇರುವವರಿಗೆ ಅಷ್ಟೂ ಹೆಚ್ಚೇ. ಮೀರಿದರೆ ಹಾಳಾಗುವುದು ಲಿವರ್, ಅದೂ ಒಂದೆರಡು ದಿನ ಏನೂ ಆಗಿಲ್ಲವೆಂಬಂತೆ ಇದ್ದು ಆಮೇಲೆ.

ಹೆಸರು ತಿಳಿಯುವುದು ಹೇಗೆ? ನಾನು ತಂದಿರುವ ಈ ಸ್ಟ್ರಿಪ್ ನೋಡಿ. ಇದರ ಮೇಲೆ ಕಂಪನಿ ಇಟ್ಟ ಹೆಸರಿದೆ. ಜೊತೆಗೇ ಔಷಧದ ನಿಜವಾದ ಹೆಸರೂ ಇದೆ, ಎಷ್ಟು ಮಿಲಿಗ್ರಾಂ ಎಂದಿದೆ. ಎಡಗಡೆ ಮೇಲಿನಿಂದ ಕೆಳಗೆ ಎಳೆದಿರುವ ಕೆಂಪು ಗೆರೆ ಇದ್ದರೆ ವೈದ್ಯರ ಚೀಟಿ ಇಲ್ಲದೆ ಕೊಳ್ಳಬಾರದ ಔಷಧ ಎಂದರ್ಥ. ತುದಿಯಲ್ಲಿ ಬ್ಯಾಚ್ ನಂಬರು, ತಯಾರಾದ ತಿಂಗಳು, ಅವಧಿ ಮುಗಿಯುವ ತಿಂಗಳು ಅಚ್ಚಾಗಿದೆ. ಈಗ ನಾಲ್ಕು ಗುಳಿಗೆ ಕೇಳಿದಿರಿ ಎನ್ನಿ. ಅಂಗಡಿಯವರು ಕತ್ತರಿ ತೆಗೆದು ಕಟ್ ಮಾಡಿ ಕೊಡುತ್ತಾರೆ. ಅವಧಿಯ ತಿಂಗಳು ಅಚ್ಚಾದ ತುದಿ ಅಂಗಡಿಯಲ್ಲೇ ಉಳಿಯಿತು. ನಿಮ್ಮ ಕೈಗೆ ಬಂದ ತುಂಡಿನ ಮೇಲೆ ಅರ್ಧ ಹೆಸರು. ಅದು ಮನೆಯ ಡಬ್ಬಿ ಸೇರಿ, ಆರು ತಿಂಗಳ ಮೇಲೆ ಮೊಮ್ಮಗನ ಜ್ವರಕ್ಕೆ ಹೊರಬರುತ್ತದೆ. ದುಡ್ಡಿಲ್ಲದವರು ನಾಲ್ಕೇ ಗುಳಿಗೆ ಕೊಳ್ಳಬೇಕಾಗುತ್ತದೆ, ಅದು ತಪ್ಪಲ್ಲ. ಆದರೆ ಬಿಲ್ ಕೇಳಿ ಪಡೆಯಿರಿ. ಔಷಧದ ಹೆಸರು, ಬ್ಯಾಚ್, ಅವಧಿ ಅದರಲ್ಲಿ ಬರೆದಿರಬೇಕು. ಬಿಲ್ಲಿನಲ್ಲೇ ತುಂಡನ್ನು ಸುತ್ತಿಡಿ. ಬಳ್ಳಾರಿಯಂಥ ಪ್ರಕರಣದಲ್ಲಿ ತನಿಖೆ ಮಾಡುವವರು ಮೊದಲು ಹುಡುಕುವುದು ಆ ಬ್ಯಾಚ್ ನಂಬರನ್ನೇ.

ಹೆಸರೇ ಇಲ್ಲದ ಔಷಧದ ಬಗ್ಗೆ ಕಠಿಣವಾಗಿಯೇ ಹೇಳುತ್ತೇನೆ. ಕಾಗದದ ಪೊಟ್ಟಣದಲ್ಲಿ ಬಣ್ಣಬಣ್ಣದ ಗುಳಿಗೆ ಕಟ್ಟಿಕೊಟ್ಟು, ಒಂದು ಸೂಜಿ ಚುಚ್ಚಿ, ‘ನಾಳೆಗೆ ಎದ್ದು ಓಡಾಡ್ತೀರಿ’ ಎನ್ನುವವರು ನಮ್ಮ ಕಡೆ ಇದ್ದಾರೆ. ನಿಜಕ್ಕೂ ಓಡಾಡುತ್ತೀರಿ, ಏಕೆಂದರೆ ಅದರಲ್ಲಿ ಅನೇಕ ಸಲ ಡೆಕ್ಸಾಮೆಥಸೋನ್‌ನಂಥ ಸ್ಟೆರಾಯ್ಡ್ ಇರುತ್ತದೆ. ಆಸ್ತಮಾಕ್ಕೆ, ಕೆಲವು ವಾತರೋಗಗಳಿಗೆ, ಜೀವಕ್ಕೆ ಅಪಾಯವಾದಾಗ ಸ್ಟೆರಾಯ್ಡ್ ಅಮೂಲ್ಯ ಔಷಧ. ಮಂಡಿನೋವಿಗೆಂದು ತಿಂಗಳುಗಟ್ಟಲೆ ಗುಟ್ಟಾಗಿ ಹೊಟ್ಟೆಗೆ ಹೋದರೆ ಮುಖ ಊದುತ್ತದೆ, ಶುಗರ್ ಏರುತ್ತದೆ, ಮೂಳೆ ಟೊಳ್ಳಾಗುತ್ತದೆ. ದೇಹ ತಾನೇ ತಯಾರಿಸುವ ಸ್ಟೆರಾಯ್ಡ್ ನಿಂತಿರುವುದರಿಂದ ಥಟ್ಟನೆ ಬಿಟ್ಟರೂ ಪ್ರಾಣಕ್ಕೆ ಸಂಚಕಾರ. ಗಜಕರ್ಣಕ್ಕೆ ಹಚ್ಚುವ ಕೆಲವು ಮುಲಾಮುಗಳಲ್ಲೂ ಸ್ಟೆರಾಯ್ಡ್ ಬೆರೆತಿರುತ್ತದೆ. ತುರಿಕೆ ಎರಡೇ ದಿನದಲ್ಲಿ ನಿಲ್ಲುತ್ತದೆ, ಗಜಕರ್ಣ ಒಳಗೊಳಗೇ ಮೈಯೆಲ್ಲ ಹಬ್ಬುತ್ತದೆ. ಮುಖ ಬೆಳ್ಳಗಾಗಲೆಂದು ಅದನ್ನೇ ಹಚ್ಚಿಕೊಂಡು ಕೆನ್ನೆಯ ಚರ್ಮ ತೆಳುವಾಗಿ, ಬಿಸಿಲಿಗೆ ಉರಿಯುವ ಹೆಣ್ಣುಮಕ್ಕಳನ್ನು ನಾನು ಕಂಡಿದ್ದೇನೆ. ಹೆಸರು ಬರೆದುಕೊಡದವರ ಕೈಯಿಂದ ಔಷಧ ತೆಗೆದುಕೊಳ್ಳಬೇಡಿ.

ಇದೆಲ್ಲ ಕೇಳಿ ಯಾರಾದರೂ ನಾಳೆಯಿಂದ ಗುಳಿಗೆಯನ್ನೇ ಬಿಟ್ಟರೆ ನನ್ನ ಮಾತಿನಿಂದ ಕೇಡಾದಂತೆ. ಅಡ್ಡಪರಿಣಾಮಗಳಲ್ಲಿ ಹೆದರಬೇಕಾದವು ಕೆಲವು, ಸಹಿಸಬಹುದಾದವು ಬಹಳ. ಆಶಾ ಅಕ್ಕಂದಿರು ಬಸುರಿಯರಿಗೆ ಕೊಡುವ ಕಬ್ಬಿಣಾಂಶದ ಕೆಂಪು ಗುಳಿಗೆಯಿಂದ ಮಲ ಕಪ್ಪಾಗುತ್ತದೆ. ಅದು ಕಬ್ಬಿಣದ ಬಣ್ಣ, ತೊಂದರೆಯಿಲ್ಲ. ವಾಕರಿಕೆ ಬಂದರೆ ಊಟದ ಜೊತೆಗೋ ರಾತ್ರಿ ಮಲಗುವ ಮುಂಚೆಯೋ ನುಂಗಬಹುದು, ಚಹಾದ ಜೊತೆ ಮಾತ್ರ ಬೇಡ. ಇದನ್ನು ಮೊದಲೇ ಹೇಳದೆ ಕೊಟ್ಟರೆ ಗುಳಿಗೆಗಳು ಹಿತ್ತಲು ಸೇರುತ್ತವೆ, ಹೆರಿಗೆಯಲ್ಲಿ ರಕ್ತ ಸಾಲದೆ ಹೋಗುತ್ತದೆ. ಟಿಬಿಗೆ ಕೊಡುವ ರಿಫಾಂಪಿಸಿನ್‌ನಿಂದ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ, ಅದೂ ನಿರಪಾಯ. ಅದೇ ಟಿಬಿ ಔಷಧ ತೆಗೆದುಕೊಳ್ಳುವಾಗ ಕಣ್ಣು ಹಳದಿಯಾದರೆ, ಊಟ ಸೇರದೆ ವಾಂತಿಯಾದರೆ, ಬಣ್ಣಗಳು ಸರಿಯಾಗಿ ಕಾಣದಿದ್ದರೆ ಆ ದಿನವೇ ಹೋಗಿ ತೋರಿಸಬೇಕು. ಯಾವುದನ್ನು ನಿಲ್ಲಿಸಬೇಕು, ಯಾವುದನ್ನು ಮುಂದುವರಿಸಬೇಕು ಎಂಬುದನ್ನು ವೈದ್ಯರು ಹೇಳಲಿ. ತಾವಾಗಿಯೇ ಎರಡು ತಿಂಗಳಿಗೆ ಬಿಟ್ಟರೆ ಔಷಧಕ್ಕೆ ಬಗ್ಗದ ಟಿಬಿ ಹುಟ್ಟುತ್ತದೆ. ಸೂಜಿಯೋ ಗುಳಿಗೆಯೋ ತೆಗೆದುಕೊಂಡ ಕೂಡಲೇ ಮೈಯೆಲ್ಲ ದದ್ದು ಎದ್ದು, ತುಟಿ ಊದಿ, ಉಸಿರು ಕಟ್ಟಿದರೆ ಮಾತ್ರ ಯೋಚನೆಗೆ ಸಮಯವಿಲ್ಲ, 108ಕ್ಕೆ ಕರೆ ಮಾಡಿ.

ಶುಗರ್ ಇರುವವರಿಗೆ ಒಂದೆರಡು ಮಾತು. ಗ್ಲಿಮಿಪಿರೈಡ್ ನುಂಗಿ ಊಟ ಬಿಟ್ಟರೆ ಸಕ್ಕರೆ ಕುಸಿಯುತ್ತದೆ: ಬೆವರು, ನಡುಕ, ಕಣ್ಣು ಕತ್ತಲೆ, ಅಸಂಬದ್ಧ ಮಾತು. ಏಕಾದಶಿಗೋ ರಂಜಾನಿಗೋ ಉಪವಾಸ ಹಿಡಿಯುವವರು ಮೊದಲೇ ವೈದ್ಯರ ಹತ್ತಿರ ಹೋಗಿ ಪ್ರಮಾಣ ಬದಲಾಯಿಸಿಕೊಳ್ಳಬೇಕು. ಕುಸಿದಾಗ ಮೂರು ಚಮಚ ಸಕ್ಕರೆ ನೀರಿನಲ್ಲಿ ಕಲಸಿ ಕುಡಿಸಿ. ಪ್ರಜ್ಞೆ ಇಲ್ಲದವರ ಬಾಯಿಗೆ ಏನನ್ನೂ ಹಾಕಬೇಡಿ. ಫ್ರಿಜ್ ಇಲ್ಲದ ಮನೆಯವರು ಬಳಸುತ್ತಿರುವ ಇನ್ಸುಲಿನ್ ಶೀಶೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಒದ್ದೆ ಮರಳು ತುಂಬಿದ ಮಡಿಕೆಯಲ್ಲಿ ನೆರಳಿಗೆ ಇಡಲಿ. ನಮ್ಮ ಬೇಸಿಗೆಗೆ ಕಪಾಟಿಗಿಂತ ಅದು ಎಷ್ಟೋ ಮೇಲು.

ನಾಟಿ ಔಷಧಕ್ಕೆ ಸೈಡ್ ಎಫೆಕ್ಟ್ ಇಲ್ಲ ಎಂಬ ಮಾತು ಇಲ್ಲೂ ಕೇಳಿಬಂತು. ಈ ಊರಿಗೆ ಹೆಸರು ಕೊಟ್ಟ ಬುಕ್ಕರಾಯನ ಕಾಲದಲ್ಲೇ, ಸುಮಾರು 1360ರಲ್ಲಿ, ಮಂಗರಾಜ ಕವಿ ಕನ್ನಡದಲ್ಲಿ ‘ಖಗೇಂದ್ರಮಣಿದರ್ಪಣ’ ಬರೆದ. ಅದು ವಿಷಗಳನ್ನೂ ಅವುಗಳ ಪರಿಹಾರವನ್ನೂ ಹೇಳುವ ವೈದ್ಯಗ್ರಂಥ. ಗಿಡಮೂಲಿಕೆಯಲ್ಲಿ ವಿಷವಿದೆ ಎಂಬುದು ನಮ್ಮ ಹಿರಿಯರಿಗೆ ಚೆನ್ನಾಗಿ ಗೊತ್ತಿತ್ತು. ಕೊರೋನಾ ಕಾಲದಲ್ಲಿ ಮನೆಮನೆಯಲ್ಲೂ ಅಮೃತಬಳ್ಳಿಯ ಕಷಾಯ ಕುದಿಯಿತು. 2021ರಲ್ಲಿ ಮುಂಬೈನ ವೈದ್ಯರು ಅದನ್ನು ಸೇವಿಸಿ ಲಿವರ್ ಕೆಟ್ಟ ಕೆಲವರ ವಿವರ ಪ್ರಕಟಿಸಿದರು. ಆಯುಷ್ ಸಚಿವಾಲಯ ಒಪ್ಪಲಿಲ್ಲ. ಆ ವಾದ ಏನೇ ಇರಲಿ, ಕಷಾಯ, ಭಸ್ಮ, ಪುಡಿ ಏನು ತೆಗೆದುಕೊಳ್ಳುತ್ತಿದ್ದರೂ ಆಸ್ಪತ್ರೆಯಲ್ಲಿ ಮುಚ್ಚಿಡಬೇಡಿ. ಕೇಳಿದ ವೈದ್ಯರೂ ಬಯ್ಯಬಾರದು. ಬೈಗುಳ ತಿಂದವರು ಮತ್ತೆ ಬಾಯಿ ಬಿಡುವುದಿಲ್ಲ.

ಮಕ್ಕಳ ವಿಷಯ ಹೇಳದೆ ಮುಗಿಸಲಾರೆ. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡದಲ್ಲಿ ಕೆಮ್ಮಿನ ಸಿರಪ್ ಕುಡಿದ 20ಕ್ಕೂ ಹೆಚ್ಚು ಮಕ್ಕಳು ಕಿಡ್ನಿ ನಿಂತು ಸತ್ತವು. ತಮಿಳುನಾಡಿನಲ್ಲಿ ತಯಾರಾದ ಆ ಸಿರಪ್ಪಿನಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ಕೈಗಾರಿಕಾ ರಾಸಾಯನಿಕ ಸಿಕ್ಕಿತು. 1937ರಲ್ಲಿ ಅಮೆರಿಕದಲ್ಲಿ ನೂರಕ್ಕೂ ಹೆಚ್ಚು ಜನರನ್ನು, 2022ರಲ್ಲಿ ಗ್ಯಾಂಬಿಯಾದಲ್ಲಿ ಹತ್ತಾರು ಮಕ್ಕಳನ್ನು ಕೊಂದದ್ದೂ ಇದೇ ವಿಷ. ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮಿನ ಸಿರಪ್ ಬೇಡವೇ ಬೇಡ. ಬಹುಪಾಲು ಕೆಮ್ಮು ತಾನಾಗಿ ಹೋಗುತ್ತದೆ. ಸಿರಪ್ ಕುಡಿದ ಮಗು ಅರ್ಧ ದಿನವಾದರೂ ಉಚ್ಚೆ ಹೊಯ್ಯದಿದ್ದರೆ ಬಾಟ್ಲಿಯನ್ನೂ ಮಗುವನ್ನೂ ಎತ್ತಿಕೊಂಡು ಆಸ್ಪತ್ರೆಗೆ ಓಡಿ. ತಾಯಿಯ ಆ ಒಂದು ಗಮನಕ್ಕಿಂತ ಬೇಗ ಹೇಳಬಲ್ಲ ಪ್ರಯೋಗಾಲಯ ಯಾವುದೂ ಇಲ್ಲ.

ಹೀಗೆ ಹೇಳಿದ್ದು ಎಲ್ಲಿಗೆ ಹೋಗಬೇಕು? ಭಾರತದಲ್ಲಿ 2010ರಿಂದ ಔಷಧ ಜಾಗರೂಕತೆಯ ರಾಷ್ಟ್ರೀಯ ಕಾರ್ಯಕ್ರಮವೊಂದಿದೆ, ಅದರ ಕೇಂದ್ರ ಗಾಜಿಯಾಬಾದಿನ ಇಂಡಿಯನ್ ಫಾರ್ಮಾಕೋಪಿಯಾ ಕಮಿಷನ್. ವೈದ್ಯರು, ದಾದಿಯರು, ಔಷಧ ಅಂಗಡಿಯವರು ಮಾತ್ರವಲ್ಲ, ನೀವೂ ಅಲ್ಲಿಗೆ ತಿಳಿಸಬಹುದು. ಉಚಿತ ದೂರವಾಣಿ 1800-180-3024, ಕೆಲಸದ ದಿನಗಳಲ್ಲಿ. ಔಷಧದಿಂದಲೇ ಆಯಿತೆಂದು ನೀವು ಸಾಬೀತು ಮಾಡಬೇಕಿಲ್ಲ, ಅನುಮಾನ ಸಾಕು. ಅದು ವೈದ್ಯರ ಮೇಲಿನ ದೂರೂ ಅಲ್ಲ. ಆಸ್ಪತ್ರೆಗಳನ್ನು ನಡೆಸುವವರಲ್ಲಿ ನನ್ನ ಬೇಡಿಕೆ ಇಷ್ಟೇ: ಆ ಸಂಖ್ಯೆಯನ್ನು ಕನ್ನಡದಲ್ಲಿ ಔಷಧ ಕೊಡುವ ಕಿಟಕಿಯ ಪಕ್ಕ ಬರೆಸಿ, ಬಂದವರನ್ನು ‘ಹೊಸ ಗುಳಿಗೆ ಒಗ್ಗಿತಾ’ ಎಂದು ಕೇಳಿ, ಹೇಳಿದ್ದನ್ನು ಕಳಿಸಿ. ಬಳ್ಳಾರಿಯ ಐದು ಮನೆಗಳಿಗೆ ಪರಿಹಾರದ ಹಣಕ್ಕಿಂತ ಮೊದಲು ಸಲ್ಲಬೇಕಿದ್ದದ್ದು ಇಂಥ ಎಚ್ಚರ.

ನಿಮ್ಮಲ್ಲಿ ಕೇಳುವುದೂ ಸಣ್ಣದೇ. ಮುಂದಿನ ಸಲ ಆಸ್ಪತ್ರೆಗೆ ಹೋಗುವಾಗ ಮನೆಯ ಔಷಧಿ ಡಬ್ಬಿಯಲ್ಲಿ ಇರುವುದನ್ನೆಲ್ಲ, ಅರ್ಧ ಸ್ಟ್ರಿಪ್ಪು, ಪೊಟ್ಟಣ, ಪುಡಿ, ಮುಲಾಮು ಒಂದನ್ನೂ ಬಿಡದೆ, ಒಂದು ಕೈಚೀಲಕ್ಕೆ ಹಾಕಿಕೊಂಡು ಹೋಗಿ, ವೈದ್ಯರ ಮೇಜಿನ ಮೇಲೆ ಸುರಿದು, ಒಂದೊಂದೂ ಯಾತಕ್ಕೆ, ಇನ್ನೂ ಬೇಕೇ ಎಂದು ಕೇಳಿ. ಬಿಡುವಿಲ್ಲ ಎಂದರೆ ಇನ್ನೊಂದು ದಿನ ಹೋಗಿ ಕೇಳಿ.